ಸುತ್ತ ನೀರು, ನಡುವೆ ಬೆಂಕಿ

ಹಡಗೆಂದರೆ ನೀರಿನ ಮೇಲಿನ ಮನೆ. ಮನೆಯಲ್ಲಿ ಇರುವುದೆಲ್ಲ ಅಲ್ಲಿಯೂ ಇದೆ. ಅಡುಗೆಮನೆ ಇದೆ, ಮಲಗುವ ಕೋಣೆಗಳಿವೆ, ಬಟ್ಟೆ ಒಗೆಯುವ ಯಂತ್ರವಿದೆ, ವಿದ್ಯುತ್ ತಂತಿಗಳಿವೆ, ಟ್ಯಾಂಕು ತುಂಬ ಎಣ್ಣೆ ಇದೆ. ಆದ್ದರಿಂದ ಮನೆಯಲ್ಲಿ ಬೆಂಕಿ ಹತ್ತಲು ಏನೇನು ಕಾರಣಗಳಿವೆಯೋ ಅವೆಲ್ಲವೂ ಹಡಗಿನಲ್ಲಿವೆ. ಇಲ್ಲದಿರುವುದು ಎರಡೇ. ಒಂದು, ಹೊರಗೆ ಓಡಿ ಹೋಗಲು ಬೀದಿ. ಇನ್ನೊಂದು, ಕೂಗಿದರೆ ಕೊಡ ಹಿಡಿದು ಬರುವ ನೆರೆಹೊರೆ.

ನಮ್ಮ ಜಗಳೂರು ಸಮುದ್ರದಿಂದ ಬಲು ದೂರದ ಬಯಲುಸೀಮೆಯ ಊರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾದವರು ನಾವು. ಇಲ್ಲಿನ ಹೆಂಗಸರಿಗೆ ಹಡಗು ಎಂದರೆ ಹಿರಿಯರು ಮುಂಬಯಿಯಿಂದ ಹಜ್ಜ್‌ಗೆ ಹೋದ ಕಥೆ ಅಷ್ಟೆ. ಆ ಹಡಗು ಯಾನವೂ 1995ರಲ್ಲಿ ನಿಂತುಹೋಯಿತು. ಮದರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳಿಕೊಂಡಿರುವ ನಾನು ಹಡಗಿನ ಬೆಂಕಿಯ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ನನ್ನ ಅಕ್ಕನ ಕಿರಿಯ ಮಗ. ಹತ್ತನೇ ತರಗತಿಯ ನಂತರ ಅವನು ಖಲಾಸಿ ಕೆಲಸದ ಆರು ತಿಂಗಳ ತರಬೇತಿ ಪಡೆದು ಸರಕು ಹಡಗೊಂದಕ್ಕೆ ಸೇರಿದ. ಮನೆಯ ಸಾಲ ತೀರಿದ್ದು, ಅವನ ತಂಗಿಯ ಮದುವೆ ನಿಶ್ಚಯವಾದದ್ದು ಅವನ ಸಂಬಳದಿಂದಲೇ.

2025ರ ಜೂನ್ 9ರಂದು ಕೇರಳ ಕರಾವಳಿಯಾಚೆ 'ವಾನ್ ಹೈ 503' ಎಂಬ ದೊಡ್ಡ ಕಂಟೇನರ್ ಹಡಗು ಹೊತ್ತಿಕೊಂಡಿತು. ಕೊಲಂಬೊದಿಂದ ಮುಂಬಯಿ ಕಡೆಗೆ ಬರುತ್ತಿದ್ದ ಆ ಹಡಗಿನಲ್ಲಿ 22 ಮಂದಿ ಇದ್ದರು. ಹಡಗು ಬಿಟ್ಟು ಸಮುದ್ರಕ್ಕಿಳಿದ 18 ಮಂದಿಯನ್ನು ನಮ್ಮ ನೌಕಾಪಡೆಯ 'ಐ.ಎನ್.ಎಸ್. ಸೂರತ್' ಅದೇ ರಾತ್ರಿ ಮಂಗಳೂರಿನ ಬಂದರಿಗೆ ತಂದಿತು. ನಾಲ್ವರು ಕಾಣೆಯಾದರು. ಟಿ.ವಿ.ಯಲ್ಲಿ ಆ ಕಪ್ಪು ಹೊಗೆಯನ್ನು ಕಂಡು ಅಕ್ಕ ಫೋನಿನಲ್ಲಿ ಅತ್ತುಬಿಟ್ಟಳು. ಮಗನ ಹಡಗು ಅದಲ್ಲ, ಅದರ ಹೆಸರೇ ಬೇರೆ ಎಂದು ನಾನು ಹತ್ತು ಸಲ ಹೇಳಿದೆ. "ಹಡಗಿನ ಹೆಸರು ಬೇರೆಯಾದರೇನು, ಬೆಂಕಿ ಒಂದೇ ಅಲ್ಲವೇನೇ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಡುಸಮುದ್ರದಲ್ಲಿದ್ದ ಅವನ ಫೋನ್ ಬಂದದ್ದು ಮೂರು ದಿನಗಳ ನಂತರ.

ಆಮೇಲೆ ಅವನು ರಜೆಯಲ್ಲಿ ಊರಿಗೆ ಬಂದಾಗ, ಇನ್ನು ಹಡಗಿಗೆ ಹೋಗುವುದು ಬೇಡವೆಂದು ಅಕ್ಕ ಹಠ ಹಿಡಿದಳು. ಅವನು ತಾಯಿಯ ಜೊತೆ ವಾದಿಸಲಿಲ್ಲ. ನನ್ನ ಬಳಿ ಬಂದು, "ಖಾಲಾ, ನೀವು ಟೀಚರ್. ಮೊದಲು ನೀವು ತಿಳಿದುಕೊಳ್ಳಿ. ಆಮೇಲೆ ಅಮ್ಮಿಗೆ ನೀವೇ ಹೇಳಿ" ಎಂದ. ಎರಡು ಸಂಜೆ ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಿಂದ ಯಾರೂ ಹಡಗಿಗೆ ಹೋಗದಿರಬಹುದು. ಆದರೆ ಒಲೆ ಹೊತ್ತಿಸದ ಮನೆ ಯಾವುದಿದೆ?

ಮೂರು ಕಲ್ಲಿನ ಒಲೆ

"ನಾನಿ ಹಳ್ಳಿಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದರಲ್ಲ ಖಾಲಾ, ಬೆಂಕಿ ಕೂಡ ಅಂಥ ಮೂರು ಕಲ್ಲಿನ ಮೇಲೆ ಕೂತಿರುತ್ತದೆ" ಎಂದು ಅವನು ಶುರುಮಾಡಿದ. ಮೊದಲ ಕಲ್ಲು ಉರಿಯುವ ವಸ್ತು. ಎರಡನೆಯದು ಗಾಳಿಯಲ್ಲಿನ ಆಮ್ಲಜನಕ. ಮೂರನೆಯದು ಶಾಖ. ಮೂರರಲ್ಲಿ ಯಾವ ಕಲ್ಲನ್ನು ಎಳೆದರೂ ಮಡಕೆ ಉರುಳುತ್ತದೆ, ಬೆಂಕಿ ಆರುತ್ತದೆ. ಜಗತ್ತಿನ ಎಲ್ಲ ಅಗ್ನಿಶಾಮಕ ವಿದ್ಯೆಯೂ ಈ ಕಲ್ಲು ಎಳೆಯುವ ವಿದ್ಯೆಯೇ.

ನೀರು ಹಾಕಿದರೆ ಶಾಖವನ್ನು ಎಳೆದಂತೆ. ಮುಚ್ಚಳ ಮುಚ್ಚಿದರೆ, ಮರಳು ಸುರಿದರೆ, ನೊರೆ ಹರಡಿದರೆ ಗಾಳಿಯನ್ನು ಎಳೆದಂತೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21ರಷ್ಟಿದೆ. ಅದು ಶೇ. 15ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಜ್ವಾಲೆ ನಿಲ್ಲಲಾರದು. ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿದರೆ ಉರಿಯುವ ವಸ್ತುವನ್ನೇ ಎಳೆದಂತೆ. ನಮ್ಮ ರಂಗಯ್ಯನದುರ್ಗದ ಕೊಂಡುಕುರಿ ಧಾಮದಂಥ ಒಣ ಕಾಡುಗಳಲ್ಲಿ ಬೇಸಿಗೆಗೆ ಮುಂಚೆಯೇ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುವುದೂ ಇದೇ ಲೆಕ್ಕದಲ್ಲಿ. ನಾಲ್ಕನೆಯ ದಾರಿಯೂ ಒಂದಿದೆ. ಜ್ವಾಲೆಯೊಳಗೆ ಒಂದು ಕಣದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವ ರಾಸಾಯನಿಕ ಸರಪಳಿಯನ್ನು ಕತ್ತರಿಸುವುದು. ಕೆಂಪು ಸಿಲಿಂಡರಿನಿಂದ ಚಿಮ್ಮುವ ಒಣ ಪುಡಿ ಮಾಡುವುದು ಮುಖ್ಯವಾಗಿ ಇದೇ ಕೆಲಸ.

ಮಿನಾದ ನೆನಪು ಹಿರಿಯರಿಗೆ ಇರಬಹುದು. 1997ರ ಏಪ್ರಿಲ್ 15ರಂದು, ಹಜ್ಜ್‌ನ ಸಮಯದಲ್ಲಿ ಡೇರೆಗಳಿಗೆ ಬೆಂಕಿ ಹತ್ತಿ 343 ಯಾತ್ರಿಕರು ತೀರಿಹೋದರು. ಆನಂತರ ಅಲ್ಲಿ ಸುಲಭವಾಗಿ ಹೊತ್ತಿಕೊಳ್ಳದ, ಗಾಜಿನ ನಾರಿನ ಡೇರೆಗಳು ಬಂದವು. ಹಡಗುಗಳ ಚರಿತ್ರೆಯೂ ಹೀಗೆಯೇ. 1934ರ ಸೆಪ್ಟೆಂಬರ್ 8ರಂದು ಅಮೆರಿಕದ ನ್ಯೂಜೆರ್ಸಿ ತೀರದಾಚೆ 'ಮೊರೋ ಕ್ಯಾಸಲ್' ಎಂಬ ಐಷಾರಾಮಿ ಹಡಗು ಉರಿದು 137 ಮಂದಿ ಸತ್ತರು. ಕೋಣೆಗಳ ಅಂದಕ್ಕೆ ಹಾಕಿದ್ದ ಹೊಳಪಿನ ಮರಗೆಲಸವೇ ಬೆಂಕಿಗೆ ಆಹಾರವಾಗಿತ್ತು. ಆಮೇಲೆ ಹಡಗಿನೊಳಗೆ ಉರಿಯದ ವಸ್ತುಗಳನ್ನೇ ಬಳಸಬೇಕೆಂಬ ನಿಯಮಗಳು ಬಿಗಿಯಾದವು. ಮೊದಲ ಕಲ್ಲನ್ನು ಹಡಗು ಕಟ್ಟುವಾಗಲೇ ಎಳೆದಿಡುವ ಜಾಣತನವಿದು.

ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು. ಎಣ್ಣೆ ಉರಿಯುತ್ತದೆ ಎನ್ನುತ್ತೇವೆ, ನಿಜವಾಗಿ ಉರಿಯುವುದು ಎಣ್ಣೆಯಿಂದೇಳುವ ಆವಿ. ಪೆಟ್ರೋಲ್ ಎಂಥ ಚಳಿಯಲ್ಲೂ ಆವಿ ಬಿಡುತ್ತದೆ. ಅದಕ್ಕೇ ಅದು ಅಷ್ಟು ಅಪಾಯಕಾರಿ. ಹಡಗಿನ ಇಂಜಿನ್ನಿಗೆ ಬಳಸುವ ಸಾಮಾನ್ಯ ಎಣ್ಣೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಬಿಡಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ಹಾಗಿದ್ದರೂ ಇಂಜಿನ್ ಕೋಣೆಯೇ ಹಡಗಿನ ಅತಿ ಅಪಾಯದ ಜಾಗ. ಕೊಳವೆಯಲ್ಲಿ ಸೂಜಿಯಷ್ಟು ಬಿರುಕು ಬಿಟ್ಟರೆ ಎಣ್ಣೆ ಮಂಜಿನಂತೆ ಚಿಮ್ಮುತ್ತದೆ. ಆ ಮಂಜು ಇಂಜಿನ್ನಿನ ಕಾದ ಹೊಗೆಕೊಳವೆಗೆ ತಗುಲಿದರೆ ಬೆಂಕಿಕಡ್ಡಿಯೇ ಬೇಕಿಲ್ಲ. ಆದ್ದರಿಂದ 220 ಡಿಗ್ರಿಗಿಂತ ಹೆಚ್ಚು ಕಾಯುವ, ಎಣ್ಣೆ ತಗುಲಬಹುದಾದ ಭಾಗಗಳಿಗೆಲ್ಲ ಶಾಖ ತಡೆಯುವ ಹೊದಿಕೆ ಇರಲೇಬೇಕು. ಆ ಹೊದಿಕೆ ಹರಿದಿದೆಯೇ, ಎಲ್ಲಾದರೂ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡುತ್ತಿರುವುದೇ ಅಲ್ಲಿನ ನಿತ್ಯದ ಕೆಲಸ.

ಕಿಡಿಯೇ ಇಲ್ಲದೆ ಹುಟ್ಟುವ ಬೆಂಕಿಯೂ ಉಂಟು. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ನಾವು ನೋಡಿದ್ದೇವೆ. ಹಸಿ ಇರುವಾಗಲೇ ಒಟ್ಟಿದ ಬಣವೆ ಒಳಗೊಳಗೇ ಕಾಯುವುದು ರೈತರಿಗೆ ಗೊತ್ತು. ಹಡಗಿನಲ್ಲಿ ಕಲ್ಲಿದ್ದಲು, ಇದ್ದಿಲು, ಎಣ್ಣೆ ಒರೆಸಿ ಮುದ್ದೆಮಾಡಿ ಬಿಸಾಡಿದ ಬಟ್ಟೆಗಳು ಹೀಗೆಯೇ ತಾವಾಗಿ ಕಾಯುತ್ತವೆ. ಅದಕ್ಕೇ ಅಲ್ಲಿ ಎಣ್ಣೆ ಬಟ್ಟೆಗೆ ಮುಚ್ಚಳವಿರುವ ಲೋಹದ ಡಬ್ಬಿಯೇ ಬೇಕು.

ನೀರು ಕೈಕೊಡುವ ಹೊತ್ತು

ಸುತ್ತ ಅಷ್ಟೊಂದು ನೀರಿರುವಾಗ ಬೆಂಕಿಗೇಕೆ ಹೆದರಬೇಕು? ನಮ್ಮ ಓಣಿಯ ಹೆಂಗಸರೆಲ್ಲ ಕೇಳಿದ ಪ್ರಶ್ನೆ ಇದು.

ಕೆಲವು ವರ್ಷಗಳ ಹಿಂದೆ ರಮಝಾನಿನ ಒಂದು ಸಂಜೆ ನಮ್ಮ ನೆರೆಯ ಮನೆಯಲ್ಲಿ ಸಮೋಸ ಕರಿಯುತ್ತಿದ್ದ ಬಾಣಲೆಗೆ ಬೆಂಕಿ ಹತ್ತಿತು. ಆ ಮನೆಯ ಸೊಸೆ ಗಾಬರಿಯಲ್ಲಿ ಒಂದು ಚೊಂಬು ನೀರೆರಚಿದಳು. ಬೆಂಕಿ ಮಾಡಿನವರೆಗೆ ಎದ್ದಿತು. ಅವಳ ಎರಡೂ ಕೈ ಸುಟ್ಟವು. ಹಾಗೇಕಾಯಿತು? ನೀರು ಎಣ್ಣೆಗಿಂತ ಭಾರ. ಅದು ಕಾದ ಎಣ್ಣೆಯ ಅಡಿಗೆ ಇಳಿಯುತ್ತದೆ, ಅಲ್ಲಿ ಕ್ಷಣದಲ್ಲೇ ಹಬೆಯಾಗುತ್ತದೆ. ಒಂದು ಲೋಟ ನೀರು ಹಬೆಯಾದರೆ ಸುಮಾರು 1700 ಲೋಟದಷ್ಟು ಜಾಗ ಬೇಡುತ್ತದೆ. ಆ ಹಬೆ ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ಅಲ್ಲಿ ಬೇಕಿದ್ದದ್ದು ನೀರಲ್ಲ, ಒಂದು ಮುಚ್ಚಳ. ಹಡಗಿನ ಅಡುಗೆಮನೆಯಲ್ಲಿ ಬೆಂಕಿ ಮುಚ್ಚುವ ಕಂಬಳಿ ಕೈಗೆಟಕುವಲ್ಲಿ ತೂಗುಹಾಕಿರುವುದು ಇದಕ್ಕಾಗಿಯೇ. ವಿದ್ಯುತ್ತಿನ ಬೆಂಕಿಗೂ ನೀರು ಸಲ್ಲದು. ಸಮುದ್ರದ ಉಪ್ಪು ನೀರಂತೂ ವಿದ್ಯುತ್ತನ್ನು ಇನ್ನಷ್ಟು ಚೆನ್ನಾಗಿ ಹರಿಸುತ್ತದೆ.

ನೀರಿನ ಇನ್ನೊಂದು ತೊಂದರೆ ಅದರ ಭಾರ. ಮನೆಯೊಳಗೆ ಸುರಿದ ನೀರು ಬಚ್ಚಲಿಗೆ ಹರಿದುಹೋಗುತ್ತದೆ. ಹಡಗಿನೊಳಗೆ ಸುರಿದ ನೀರು ಅಲ್ಲೇ ನಿಂತು ಒಂದು ಮಗ್ಗುಲಿಗೆ ಸರಿದು ಹಡಗನ್ನೇ ವಾಲಿಸುತ್ತದೆ. 1942ರ ಫೆಬ್ರವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ 'ನಾರ್ಮಂಡಿ' ಎಂಬ ಭಾರೀ ಹಡಗಿಗೆ ಬೆಂಕಿ ಹತ್ತಿತು. ವೆಲ್ಡಿಂಗ್ ಕೆಲಸದ ಕಿಡಿ ಹಾರಿ ಬಿದ್ದದ್ದು ಲೈಫ್ ಜಾಕೆಟ್‌ಗಳ ರಾಶಿಯ ಮೇಲೆ. ಅವುಗಳ ಒಳಗಿದ್ದದ್ದು ನಮ್ಮ ದಿಂಬುಗಳಿಗೆ ತುಂಬುವಂಥ ಬೂರುಗದ ಹತ್ತಿ. ಜೀವ ಉಳಿಸಬೇಕಾದ ವಸ್ತುವೇ ಬೆಂಕಿಯ ಆಹಾರವಾಯಿತು. ಅಗ್ನಿಶಾಮಕ ದೋಣಿಗಳು ಬೆಂಕಿಯನ್ನೇನೋ ಹತೋಟಿಗೆ ತಂದವು, ಆದರೆ ಅವು ಸುರಿದ ನೀರಿನ ಭಾರಕ್ಕೆ ಮರುದಿನ ನಸುಕಿನಲ್ಲಿ ಹಡಗು ದಡದ ಪಕ್ಕದಲ್ಲೇ ಮಗುಚಿ ಬಿದ್ದಿತು.

ಹತ್ತಿಯ ಮಾತು ಬಂದಾಗ ನಮ್ಮ ದೇಶದ್ದೇ ಒಂದು ದುರಂತವನ್ನು ಹೇಳಬೇಕು. ಹತ್ತಿ ನಮಗೆ ಹೊಸದಲ್ಲ. ನಮ್ಮ ದಾವಣಗೆರೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಹತ್ತಿಯ ಅಂಡಿಗೆಗೆ ಕಿಡಿ ಬಿದ್ದರೆ ಅದು ಜ್ವಾಲೆಯಿಲ್ಲದೆ ಒಳಗೊಳಗೇ ಕೊರೆಯುತ್ತಾ ಹೋಗುತ್ತದೆ, ಎಳೆಗಳ ನಡುವಿನ ಗಾಳಿಯೇ ಅದಕ್ಕೆ ಸಾಕು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕಿನ್' ಹಡಗಿನಲ್ಲಿ ಕರಾಚಿಯಿಂದ ತಂದ ಹತ್ತಿಯ ಅಂಡಿಗೆಗಳಿದ್ದವು, ಜೊತೆಯಲ್ಲಿ ಸುಮಾರು 1400 ಟನ್ ಸ್ಫೋಟಕಗಳೂ ಇದ್ದವು. ಹತ್ತಿಯಿಂದ ಹೊಗೆ ಕಂಡ ಮೇಲೆ ತಾಸುಗಟ್ಟಲೆ ನೀರು ಹೊಯ್ದರು. ಉರಿಯ ಮೂಲಕ್ಕೆ ನೀರು ಮುಟ್ಟಲಿಲ್ಲ. ಹಡಗನ್ನು ಅಲ್ಲೇ ಮುಳುಗಿಸಬೇಕೇ, ಬಂದರಿನಾಚೆಗೆ ಎಳೆಯಬೇಕೇ ಎಂಬ ತೀರ್ಮಾನವನ್ನು ಯಾರೂ ಹೊತ್ತಿಗೆ ಸರಿಯಾಗಿ ಮಾಡಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದೊಡನೆ ಹಡಗು ಸ್ಫೋಟಿಸಿತು, ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಸತ್ತವರು ಸುಮಾರು ಎಂಟುನೂರು ಎಂದು ಲೆಕ್ಕ, ಇನ್ನೂ ಹೆಚ್ಚೆನ್ನುವವರಿದ್ದಾರೆ. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು. ಅವರ ನೆನಪಿಗೆಂದೇ ಪ್ರತಿವರ್ಷ ಏಪ್ರಿಲ್ 14ರಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ಸಪ್ತಾಹದ ಹಿಂದೆ ಒಂದು ಹಡಗಿನ ಕಥೆ ಇದೆಯೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕಬ್ಬಿಣದ ಗೋಡೆ, ಕಪ್ಪು ಹೊಗೆ

ಕಬ್ಬಿಣದ ಹಡಗು ಉರಿಯುವುದಿಲ್ಲ, ನಿಜ. ಆದರೆ ಅದು ಕಾಯುತ್ತದೆ. ತವೆಯ ಅಡಿಯ ಉರಿ ಮೇಲಿನ ರೊಟ್ಟಿಯನ್ನು ಬೇಯಿಸುವಂತೆ, ಒಂದು ಕೋಣೆಯ ಬೆಂಕಿ ಕಬ್ಬಿಣದ ಗೋಡೆಯನ್ನು ಕಾಯಿಸಿ ಪಕ್ಕದ ಕೋಣೆಯ ಹಾಸಿಗೆಯನ್ನು ಹೊತ್ತಿಸಬಲ್ಲದು. ಆದ್ದರಿಂದ ಹಡಗಿನವರು ಬೆಂಕಿ ಬಿದ್ದ ಕೋಣೆಯನ್ನು ಆರು ಮುಖದ ಪೆಟ್ಟಿಗೆಯೆಂದು ಭಾವಿಸುತ್ತಾರೆ. ನಾಲ್ಕು ಗೋಡೆ, ಮೇಲಿನ ಚಾವಣಿ, ಕೆಳಗಿನ ನೆಲ. ಈ ಆರೂ ಕಡೆ ಹೊರಗಿನಿಂದ ಕಾವಲು ನಿಂತು, ಹತ್ತಿರದ ವಸ್ತುಗಳನ್ನು ಸರಿಸಿ, ಗೋಡೆಗೆ ನೀರು ಹೊಯ್ದು ತಂಪಾಗಿಡುತ್ತಾರೆ. ಒಳಗಿನ ಬೆಂಕಿಯನ್ನು ಒಳಗೇ ಕಟ್ಟಿಹಾಕುವುದು ಅರ್ಧ ಗೆಲುವು.

ಆದರೆ ಜನರನ್ನು ಮೊದಲು ಕೊಲ್ಲುವುದು ಹೆಚ್ಚಾಗಿ ಉರಿಯಲ್ಲ, ಹೊಗೆ. 1990ರ ಏಪ್ರಿಲ್ 7ರ ರಾತ್ರಿ ನಾರ್ವೆಯಿಂದ ಡೆನ್ಮಾರ್ಕಿಗೆ ಹೊರಟಿದ್ದ 'ಸ್ಕ್ಯಾಂಡಿನೇವಿಯನ್ ಸ್ಟಾರ್' ಹಡಗಿನಲ್ಲಿ 159 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನ ವಿಷದ ಹೊಗೆ ಕುಡಿದು ಸತ್ತವರು. ಸಿಬ್ಬಂದಿಗೆ ಆ ಹಡಗು ಹೊಸದು, ಪರಸ್ಪರರ ಭಾಷೆ ಬಾರದು, ತಾಲೀಮು ಆಗಿರಲಿಲ್ಲ. ಪ್ಲಾಸ್ಟಿಕ್, ಸ್ಪಂಜು, ರೆಕ್ಸಿನ್ ಉರಿದಾಗ ಏಳುವ ಹೊಗೆಯನ್ನು ನಾಲ್ಕಾರು ಸಲ ಉಸಿರಿಗೆಳೆದರೂ ಮನುಷ್ಯ ದಿಕ್ಕು ತಪ್ಪುತ್ತಾನೆ.

ಅಕ್ಕನ ಮಗ ತರಬೇತಿಯ ಹೊಗೆಕೋಣೆಯ ಬಗ್ಗೆ ಹೇಳುವಾಗ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಖವಾಡ. ಒಳಗೆ ಕಣ್ಣೆದುರಿನ ಕೈಯೂ ಕಾಣದು. ಒಬ್ಬನೇ ಎಂದೂ ಹೋಗುವಂತಿಲ್ಲ, ಇಬ್ಬರು ಜೊತೆ. ಕಾಲನ್ನು ಎತ್ತಿಡದೆ ನೆಲಕ್ಕೆ ಉಜ್ಜುತ್ತಾ ಸರಿಯಬೇಕು. ಬಾಗಿಲು ತೆರೆಯುವ ಮುನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿಯಿದ್ದರೆ ಅದರಾಚೆ ಬೆಂಕಿಯಿದೆ ಎಂದರ್ಥ. ಸಿಲಿಂಡರಿನ ಗಾಳಿ ಕಡಿಮೆಯಾದಾಗ ಸೀಟಿ ಊದುತ್ತದೆ, ಆಗ ಎಂಥ ಕೆಲಸವಿದ್ದರೂ ಹಿಂದಿರುಗಬೇಕು.

ಈ ಕೆಲಸ ಎಷ್ಟು ದೊಡ್ಡದೆಂದು ನಮ್ಮ ಕಾರವಾರಕ್ಕೆ ಗೊತ್ತು. 2019ರ ಏಪ್ರಿಲ್ 26ರಂದು ವಿಮಾನವಾಹಕ ನೌಕೆ 'ಐ.ಎನ್.ಎಸ್. ವಿಕ್ರಮಾದಿತ್ಯ' ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಳಗೆ ಬೆಂಕಿ ಕಾಣಿಸಿತು. ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಮುಂದೆ ನಿಂತು ಬೆಂಕಿ ಆರಿಸುವ ಕೆಲಸ ನಡೆಸಿದರು. ಹೊಗೆಯಲ್ಲಿ ಪ್ರಜ್ಞೆ ತಪ್ಪಿದ ಅವರು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಡಗು ಉಳಿಯಿತು. ಅವರ ಮದುವೆಯಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ.

ನಮ್ಮ ಕರಾವಳಿಯಾಚೆ

ಕಾರವಾರದ್ದೊಂದೇ ಅಲ್ಲ. ಅದೇ 2019ರ ಮಾರ್ಚ್ ತಿಂಗಳಲ್ಲಿ ಸಂಶೋಧನಾ ಹಡಗು 'ಸಾಗರ ಸಂಪದ' ಮಂಗಳೂರಿನಾಚೆ ಹೊತ್ತಿಕೊಂಡಾಗ ಅದರಲ್ಲಿ ವಿಜ್ಞಾನಿಗಳೂ ಸೇರಿ 46 ಮಂದಿ ಇದ್ದರು. ಕೋಸ್ಟ್ ಗಾರ್ಡ್ ಹಡಗುಗಳು ಹೋಗಿ ಬೆಂಕಿ ನಂದಿಸಿದವು, ಎಲ್ಲರೂ ಉಳಿದರು. 2024ರ ಜುಲೈ 19ರಂದು ಕಾರವಾರದಿಂದ ಸುಮಾರು 50 ನಾಟಿಕಲ್ ಮೈಲಿ ದೂರದಲ್ಲಿ 'ಮಾರ್ಸ್ಕ್ ಫ್ರಾಂಕ್‌ಫರ್ಟ್' ಕಂಟೇನರ್ ಹಡಗಿಗೆ ಬೆಂಕಿ ಬಿದ್ದು ಫಿಲಿಪ್ಪೀನ್ಸಿನ ಒಬ್ಬ ನಾವಿಕ ತೀರಿಕೊಂಡ. ಅಲ್ಲಿ ಕೋಸ್ಟ್ ಗಾರ್ಡ್ ಹಡಗುಗಳು ಪಕ್ಕದಿಂದ ನೀರು ಹಾಯಿಸಿದವು, ಹೆಲಿಕಾಪ್ಟರ್ ಮೇಲಿನಿಂದ ಒಣ ಪುಡಿ ಸುರಿಯಿತು.

ಕಂಟೇನರ್ ಹಡಗಿನ ಬೆಂಕಿ ಅಷ್ಟು ಸುಲಭವಾಗಿ ಏಕೆ ಆರುವುದಿಲ್ಲ? ಸಾವಿರಾರು ಕಬ್ಬಿಣದ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವಿನ ಪೆಟ್ಟಿಗೆಯೊಳಗೆ ಉರಿಯುತ್ತಿದ್ದರೆ ಹೊರಗಿನಿಂದ ಹಾಕಿದ ನೀರು ಕಬ್ಬಿಣವನ್ನಷ್ಟೇ ತೋಯಿಸುತ್ತದೆ. ಕೆಲವು ರಾಸಾಯನಿಕಗಳು ಬಿಸಿಯಾದಾಗ ತಾವೇ ಆಮ್ಲಜನಕ ಬಿಡುತ್ತವೆ, ಅವಕ್ಕೆ ಹೊರಗಿನ ಗಾಳಿಯೇ ಬೇಡ. 'ವಾನ್ ಹೈ'ಯ ಬೆಂಕಿ ವಾರಗಟ್ಟಲೆ ಕಾಡಿತು, ತಹಬಂದಿಗೆ ಬಂತು ಎನ್ನುವಷ್ಟರಲ್ಲಿ ಜುಲೈಯಲ್ಲಿ ಮತ್ತೆ ಎದ್ದಿತು.

ಹಡಗಿನವರು ಬಹಳ ವರ್ಷಗಳಿಂದ ಹೇಳುತ್ತಿರುವ ನೋವಿನ ಮಾತೊಂದಿದೆ. ಅಪಾಯದ ಸರಕಿಗೆ ಬಾಡಿಗೆ ಹೆಚ್ಚು, ನಿಯಮ ಹೆಚ್ಚು. ಅದನ್ನು ತಪ್ಪಿಸಿಕೊಳ್ಳಲು ಕೆಲವು ವ್ಯಾಪಾರಿಗಳು ಪೆಟ್ಟಿಗೆಯೊಳಗಿರುವುದನ್ನು ಬೇರೆ ಹೆಸರಿನಲ್ಲಿ ಬರೆಸುತ್ತಾರೆ. ಇದ್ದಿಲಿನಂಥ, ಬ್ಲೀಚಿಂಗ್ ಪೌಡರಿನಂಥ ಸರಕು ತಂಪಾದ ಜಾಗದಲ್ಲಿ ಇರಬೇಕಾದದ್ದು ಬಿಸಿ ಟ್ಯಾಂಕಿನ ಪಕ್ಕ ಹೋಗಿ ಕೂರುತ್ತದೆ. ಒಬ್ಬ ಅಂಗಡಿಯಲ್ಲಿ ಕೂತು ಬರೆದ ಸುಳ್ಳು, ಅವನು ಎಂದೂ ನೋಡದ ಯಾರದೋ ಮಗನನ್ನು ನಡುಸಮುದ್ರದಲ್ಲಿ ಸುಡುತ್ತದೆ. ಒಂದೇ ಹಡಗಿನ ಮೇಲಂತಸ್ತು ಮತ್ತು ಕೆಳಂತಸ್ತಿನವರ ಬಗ್ಗೆ ಪ್ರವಾದಿ(ಸ)ಯವರು ಕೊಟ್ಟ ಉಪಮೆ ನಮಗೆ ಗೊತ್ತಿದೆ. ಕೆಳಗಿನವರು ತಮ್ಮ ಅನುಕೂಲಕ್ಕೆ ತೂತು ಕೊರೆಯಲು ಹೊರಟಾಗ ಮೇಲಿನವರು ತಡೆಯದಿದ್ದರೆ ಮುಳುಗುವವರು ಎಲ್ಲರೂ. ಮಕ್ಕಳಿಗೆ ಈ ಹದೀಸನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಹೆಸರು ಬದಲಿಸಿದ ಪೆಟ್ಟಿಗೆಯ ಮಾತು ಕೇಳಿದ ಮೇಲೆ ಅದರ ತೂಕ ಇನ್ನಷ್ಟು ತಿಳಿಯಿತು.

ಪ್ರತಿಯೊಬ್ಬರಿಗೂ ಬರೆದಿಟ್ಟ ಕೆಲಸ

ಅಕ್ಕನ ಮನಸ್ಸು ಸ್ವಲ್ಪ ಹಗುರವಾದದ್ದು ಯಂತ್ರಗಳ ವಿವರದಿಂದಲ್ಲ, ಒಂದು ಪಟ್ಟಿಯಿಂದ. ಹಡಗಿನ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಏಳು ಚಿಕ್ಕ ಗಂಟೆ, ಆಮೇಲೆ ಒಂದು ಉದ್ದನೆಯ ಗಂಟೆ ಕೇಳಿದೊಡನೆ ಯಾರು ಎಲ್ಲಿ ಸೇರಬೇಕು, ಯಾರು ನೀರಿನ ಕೊಳವೆ ಹಿಡಿಯಬೇಕು, ಯಾರು ಗಾಳಿಯ ಕಿಂಡಿ ಮುಚ್ಚಬೇಕು, ಯಾರು ಲೈಫ್‌ಬೋಟ್ ಸಿದ್ಧಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅಡುಗೆಯವನಿಗೂ ಒಂದು ಕೆಲಸವಿದೆ. ಒಬ್ಬನಿಗೆ ಏನಾದರೂ ಆದರೆ ಅವನ ಜಾಗಕ್ಕೆ ಯಾರು ಎಂಬುದೂ ತೀರ್ಮಾನವಾಗಿರುತ್ತದೆ. ಪ್ರತಿಯೊಬ್ಬನೂ ತಿಂಗಳಿಗೆ ಒಮ್ಮೆಯಾದರೂ ಬೆಂಕಿಯ ತಾಲೀಮಿನಲ್ಲಿ ಭಾಗವಹಿಸಲೇಬೇಕು. ಪ್ರಯಾಣಿಕರ ಹಡಗಿನಲ್ಲಿ ತಾಲೀಮು ವಾರಕ್ಕೊಮ್ಮೆ.

ಇಂಜಿನ್ ಕೋಣೆಯ ಬೆಂಕಿ ಕೈಮೀರಿದರೆ ಕೊನೆಯ ಅಸ್ತ್ರವೆಂದು ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಅದು ಬೆಂಕಿಯ ಉಸಿರು ಕಟ್ಟಿಸುತ್ತದೆ, ಒಳಗಿದ್ದ ಮನುಷ್ಯನ ಉಸಿರನ್ನೂ ಕಟ್ಟಿಸುತ್ತದೆ. ಆದ್ದರಿಂದ ಅನಿಲ ಬಿಡುವ ಮೊದಲು ಎಲ್ಲರೂ ಹೊರಬಂದಿದ್ದಾರೆಯೇ ಎಂದು ತಲೆ ಎಣಿಸಬೇಕು. ಬಾಗಿಲು, ಕಿಂಡಿ ಎಲ್ಲ ಮುಚ್ಚಬೇಕು. ಬಿಟ್ಟ ಮೇಲೆ, ಆರಿತೇ ನೋಡೋಣ ಎಂಬ ಆತುರದಿಂದ ಬಾಗಿಲು ತೆರೆಯಬಾರದು. ಹೊಸ ಗಾಳಿ ನುಗ್ಗಿದರೆ ಕಾದ ಕಬ್ಬಿಣ ಮತ್ತೆ ಬೆಂಕಿ ಹೊತ್ತಿಸುತ್ತದೆ.

ಇನ್ನೊಂದು ವ್ಯವಸ್ಥೆ ನನಗೆ ತುಂಬ ಹಿಡಿಸಿತು. ಹಡಗಿನ ಪೂರ್ತಿ ನಕ್ಷೆಯನ್ನು ನೀರು ಇಳಿಯದ ಕೆಂಪು ಕೊಳವೆಯಲ್ಲಿ ಹಾಕಿ ಕೋಣೆಗಳ ಹೊರಗೆ ಇಟ್ಟಿರುತ್ತಾರೆ. ದಡದಿಂದ ಸಹಾಯಕ್ಕೆ ಬಂದ ಅಪರಿಚಿತರು ಅದನ್ನು ನೋಡಿ, ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ, ನೀರಿನ ನಲ್ಲಿ ಎಲ್ಲಿದೆ ಎಂದು ತಿಳಿದುಕೊಳ್ಳಬಹುದು. ನೀರಿನ ಕೊಳವೆ ಜೋಡಿಸುವ ಒಂದು ತುಂಡಂತೂ ಜಗತ್ತಿಗೆಲ್ಲ ಒಂದೇ ಅಳತೆ. ಯಾವ ದೇಶದ ಹಡಗು ಯಾವ ದೇಶದ ಬಂದರಿಗೆ ಹೋದರೂ ಅಲ್ಲಿನ ನೀರು ಇದಕ್ಕೆ ಸೇರುತ್ತದೆ.

ಎಲ್ಲ ಕೇಳಿದ ಮೇಲೆ ಅಕ್ಕ ಮಗನನ್ನು ಒಂದೇ ಮಾತು ಕೇಳಿದಳು: "ಆ ಪಟ್ಟಿಯಲ್ಲಿ ನಿನ್ನ ಹೆಸರಿಗೆ ಯಾವ ಕೆಲಸ ಬೇಟಾ?" ಎರಡನೆಯ ಕೊಳವೆ ಹಿಡಿಯುವುದು ತನ್ನ ಕೆಲಸವೆಂದ. "ನಿದ್ದೆಯಲ್ಲೂ ಮರೆಯಬೇಡ" ಎಂದಳು. ಭಯ ಹೋಯಿತೆಂದು ನಾನು ಹೇಳಲಾರೆ, ತಾಯಿಯ ಭಯ ಹೋಗುವಂಥದ್ದಲ್ಲ. ಆದರೆ ಕುರುಡು ಭಯಕ್ಕೂ ಕಣ್ಣಿರುವ ಭಯಕ್ಕೂ ವ್ಯತ್ಯಾಸವಿದೆ. ಅವನು ಮತ್ತೆ ಹಡಗು ಹತ್ತಿದ.

ನಮ್ಮ ಮನೆಯ ಪಟ್ಟಿ

ಸಹೋದರಿಯರೇ, ನಮ್ಮ ತಾಲೂಕಿನ ಒಳಹಳ್ಳಿಗಳಿಗೆ ಅಗ್ನಿಶಾಮಕ ವಾಹನ ಬರಲು ಹೊತ್ತು ಹಿಡಿಯುತ್ತದೆ. ಇಕ್ಕಟ್ಟಿನ ಓಣಿಗಳಲ್ಲಿ ಅದು ಒಳಗೇ ಬರಲಾರದು. ಅಂದರೆ ಮೊದಲ ಹತ್ತು ನಿಮಿಷ ನಾವೂ ನಡುಸಮುದ್ರದಲ್ಲಿದ್ದಂತೆಯೇ. ಹಾಗಿದ್ದ ಮೇಲೆ ಹಡಗಿನವರ ಕ್ರಮ ನಮಗೂ ಬೇಕು.

ಬಾಣಲೆಯ ಪಕ್ಕದಲ್ಲಿ ಅದಕ್ಕೆ ಒಪ್ಪುವ ಮುಚ್ಚಳ ಇರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳವನ್ನು ಅಂಚಿನಿಂದ ಜಾರಿಸಿ ಮುಚ್ಚಿ, ಕೈಗೆ ಅಪಾಯವಿಲ್ಲದಿದ್ದರೆ ಒಲೆ ಆರಿಸಿ, ಪೂರ್ತಿ ತಣಿಯುವವರೆಗೆ ತೆರೆಯಬೇಡಿ. ಉರಿಯುವ ಬಾಣಲೆ ಎತ್ತಿಕೊಂಡು ಹೊರಗೆ ಓಡಬೇಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಬೆಂಕಿಗೆ 101 ಅಥವಾ 112. ಗ್ಯಾಸಿನ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ, ಬಿರುಕು ಕಂಡರೆ ಅಂದೇ. ಹೊಗೆ ತುಂಬಿದರೆ ತೆವಳುತ್ತಾ ಹೊರಬನ್ನಿ, ನೆಲದ ಹತ್ತಿರ ಗಾಳಿ ಸ್ವಲ್ಪ ಶುದ್ಧವಾಗಿರುತ್ತದೆ. ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ, ನೆಲದ ಮೇಲೆ ಉರುಳಿ. ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ವೈದ್ಯರ ಬಳಿ ಹೋಗಿ. ಪೇಸ್ಟು, ಶಾಯಿ ಯಾವುದೂ ಬೇಡ.

ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯಲು ಬಿಡಬಾರದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಮದೀನಾದ ಒಂದು ಮನೆ ರಾತ್ರಿ ವೇಳೆ ಸುಟ್ಟುಹೋದ ಸುದ್ದಿ ಕೇಳಿದಾಗ ಅವರು ಈ ಎಚ್ಚರಿಕೆ ಕೊಟ್ಟರೆಂದು ಹದೀಸಿನಲ್ಲಿದೆ. ನಮ್ಮ ಕಾಲಕ್ಕೆ ಅದರ ಅರ್ಥ ರೆಗ್ಯುಲೇಟರ್ ಮುಚ್ಚುವುದು, ಸೊಳ್ಳೆಬತ್ತಿಯನ್ನು ಪರದೆಯಿಂದ ದೂರ ಇಡುವುದು, ದಿಂಬಿನಡಿಯಲ್ಲಿ ಮೊಬೈಲ್ ಚಾರ್ಜಿಗೆ ಹಾಕದಿರುವುದು.

ನಮ್ಮ ಮನೆಯಲ್ಲಿ ಈಗ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಅತ್ತೆಯವರನ್ನು ಕೈಹಿಡಿದು ಹೊರಗೆ ಕರೆತರುವುದು ಹಿರಿಯ ಮಗಳ ಕೆಲಸ. ಮೇನ್ ಸ್ವಿಚ್ ನನ್ನ ಯಜಮಾನರದ್ದು. ರೆಗ್ಯುಲೇಟರ್ ನನ್ನದು. ಬೇವಿನ ಮರದ ಕೆಳಗೆ ಎಲ್ಲರೂ ಸೇರಿ ತಲೆ ಎಣಿಸಬೇಕು. ಎಣಿಸುವುದು ಏಳು ವರ್ಷದ ಕಿರಿಯವನ ಕೆಲಸ. ತಿಂಗಳ ಮೊದಲ ಭಾನುವಾರ ತಾಲೀಮು. ಮೊದಲ ಸಲ ಎಲ್ಲರೂ ನಕ್ಕರು. ಎರಡನೆಯ ಸಲ ಕಿರಿಯವನು, ಅಜ್ಜಿಯ ಕೋಲು ಒಳಗೇ ಉಳಿದಿದೆ, ಅದನ್ನು ತರುವುದು ಯಾರ ಕೆಲಸವೆಂದು ಇದರಲ್ಲಿ ಬರೆದೇ ಇಲ್ಲ ಎಂದ. ಅದನ್ನೂ ಹಾಳೆಯಲ್ಲಿ ಸೇರಿಸಿದೆವು. ನಿಮ್ಮ ಮನೆಯ ಹಾಳೆಯಲ್ಲಿ ಯಾರ ಹೆಸರಿಗೆ ಯಾವ ಕೆಲಸ ಬರುತ್ತದೆ? ಇಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಬರೆಯಿರಿ.